ಆರು ಬೆರಳಿನ ಮನೆತನ

ಒಂದೂರು, ಆ ಊರಿಗೊಬ್ಬ ಸಾಹುಕಾರ. ಹೆಸರು ಕೇಳಬೇಡಿ, ಹೇಳಿದರೆ ಮುಂದಿನ ಸಾಲಿನಲ್ಲಿ ಕೂತ ಯಾರಿಗಾದರೂ ಕೆಮ್ಮು ಬಂದೀತು.

ಸಾಹುಕಾರನ ಬಲಗೈಗೆ ಆರು ಬೆರಳು. ಕಿರುಬೆರಳ ಪಕ್ಕ ಇನ್ನೊಂದು ಪುಟ್ಟ ಬೆರಳು, ಅದಕ್ಕೊಂದು ಪುಟ್ಟ ಉಗುರು. ಅವನ ಅಪ್ಪನಿಗೂ ಆರು, ಅಜ್ಜನಿಗೂ ಆರು. ಊರವರು ಆರು ಬೆರಳಿನ ಮನೆತನ ಎಂದೇ ಕರೆಯುತ್ತಿದ್ದರು. ನೋಡಿ, ಮನುಷ್ಯನಿಗೆ ಹೆಮ್ಮೆಪಡಲು ಏನು ಬೇಕು? ಏನೂ ಬೇಡ, ಒಂದು ಹೆಚ್ಚಿನ ಬೆರಳು ಸಾಕು! ಸಾಹುಕಾರ ಅದಕ್ಕೊಂದು ಬಂಗಾರದ ಉಂಗುರ ಮಾಡಿಸಿದ್ದ. ಮೀಸೆ ತಿರುವಿದರೂ ಆ ಕೈಯಿಂದಲೇ.

ಬಹಳ ವರ್ಷ ಕಾದ ಮೇಲೆ ಅವನಿಗೊಬ್ಬ ಮಗ ಹುಟ್ಟಿದ. ಹೆಂಡತಿಯ ಹೆತ್ತವರು ತೀರಿಕೊಂಡಿದ್ದರು, ಹೋಗಲು ತವರಿರಲಿಲ್ಲ, ಹೆರಿಗೆ ಗಂಡನ ಮನೆಯಲ್ಲೇ ಆಯಿತು. ಸಾಹುಕಾರ ಕೂಸಿನ ಮುಖ ನೋಡಿದನೇ? ಇಲ್ಲ. ಮುಷ್ಟಿ ಬಿಡಿಸಿದ. ಎಣಿಸಿದ. ಐದು. ಇನ್ನೊಂದು ಮುಷ್ಟಿ ಬಿಡಿಸಿದ. ಅಲ್ಲೂ ಐದು.

“ಇದು ನಮ್ಮ ಮನಿ ಕೂಸಲ್ಲ,” ಎಂದ.

ಹೆಂಡತಿ ಏಳಲಾರದೆ ಮಲಗಿದಲ್ಲಿಂದಲೇ ಕೈ ಚಾಚಿದಳು. “ನನ್ನ ಕೈಯಾಗೂ ಐದ ಅದಾವಲ್ರೀ. ಕೂಸು ನನಗೂ ಹುಟ್ಟೇತಿ.”

“ಬಾಣಂತನ ಮುಗಿಯೂತನಾ ಇರು. ಆಮ್ಯಾಲ ಕೂಸು ಎತ್ಕೊಂಡು ನಿನ್ನ ದಾರಿ ನೀ ನೋಡ್ಕೋ.”

ಎಲ್ಲಿಗೆ ಹೋಗಬೇಕು ಅವಳು? ಅದನ್ನು ಅವನು ಯೋಚಿಸಲಿಲ್ಲ. ತೊಟ್ಟಿಲು ಅಟ್ಟದ ಮೇಲೆಯೇ ಉಳಿಯಿತು. ತೊಟ್ಟಿಲಿಗೆ ಹಾಕದ ಕೂಸಿಗೆ ಹೆಸರಿಲ್ಲ, ಹೆಸರಿಲ್ಲದ ಕೂಸಿಗೆ ಮನೆಯಿಲ್ಲ.

ಹಾಗಂತ ಕಲ್ಲೆದೆಯವನಲ್ಲ ನೋಡಿ. ಅವನಿಗೂ ಅನ್ನ ಇಳಿಯಲಿಲ್ಲ. ಕೂಸು ಅತ್ತರೆ ಪಡಸಾಲೆಯಲ್ಲಿ ಕೂತವನು ತಾನಾಗಿ ಎದ್ದು ನಿಲ್ಲುತ್ತಿದ್ದ. ಉಂಗುರದ ಬೆರಳು ನೋಡಿಕೊಂಡು ಮತ್ತೆ ಕೂರುತ್ತಿದ್ದ.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಹೇಳಿದ ಕೂಡಲೇ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದು ಹಾಕುತ್ತಾರೆ. ಯಾರೂ ಕರೆಯದಿದ್ದರೂ ಸಾಹುಕಾರನ ತಂಗಿ ಕೂಸಿನ ತಲೆಗೆ ಕುಂಚಿಗೆ ಹೊಲಿಸಿಕೊಂಡು ಬಂದಿಳಿದಳು.

“ತೊಟ್ಟಿಲು ಎಲ್ಲೈತಿ ಅಣ್ಣಾ?”

“ತೊಟ್ಟಿಲದ ಮಾತು ಬ್ಯಾಡ. ಆ ಕೂಸಿಗೆ ಐದ ಬೆರಳು.”

“ಐದು ಇದ್ರ ಏನಾತು?”

“ಈ ಮನಿ ರಕ್ತ ಅಲ್ಲ ಅದು. ಈ ಮನಿ ರಕ್ತಕ್ಕ ಆರು.”

ತಂಗಿ ಬಳೆ ಹಿಂದೆ ಸರಿಸಿ ಎರಡೂ ಕೈ ಅಣ್ಣನ ಮುಂದೆ ಹಿಡಿದಳು. “ಎಣಸು.”

ಸಾಹುಕಾರ ನೋಡಿದ. ಪಂಚಮಿ ಹಬ್ಬಕ್ಕೆ ತನಗೆ ಉಂಡಿ ಕೊಡುತ್ತಿದ್ದ ಕೈ. ಎಷ್ಟು ಸಲ ನೋಡಿದ್ದ! ಒಂದು ಸಲವೂ ಎಣಿಸಿರಲಿಲ್ಲ. ಐದು, ಐದು.

“ಹಂಗಾದ್ರ ನಾ ಯಾರ ಮಗಳು, ಹೇಳು. ಈ ಮನಿ ಮಗಳಲ್ಲ ಅಂದ್ರ ಹೆಸರಿಡಾಕ ನಾ ಯಾಕ ಬರ್ಲಿ? ಅವ್ವ ಅಲ್ಲೇ ಕುಂತಾಳ. ಹೆಂಡ್ತಿಗೆ ಅಂದ ಮಾತು ಆಕಿಗೂ ಅನ್ನು, ನೋಡೂಣು.”

ಮೂಲೆಯಲ್ಲಿ ಮುದುಕಿ ಅವ್ವ ಬತ್ತಿ ಹೊಸೆಯುತ್ತಿದ್ದಳು. ಸಾಹುಕಾರ ಅತ್ತ ನೋಡಿದ. ಎಂಥ ಮಾತು! ಅದನ್ನು ಹೆತ್ತವ್ವನಿಗೆ ಹೇಳುವುದೇ?

ಅವ್ವ ತಲೆಯೆತ್ತದೆ ಹೇಳಿದಳು: “ನೀ ಹುಟ್ಟಿದಾಗ ನಿಮ್ಮಪ್ಪ ಬೆರಳು ಎಣಿಸಿ ಊರ ತುಂಬ ಸಕ್ಕರಿ ಹಂಚಿದ. ಇಕಿ ಹುಟ್ಟಿದಾಗ ಹೆಣ್ಣು ಅಂದ ಕೂಡ್ಲೆ ಹೊಳ್ಳಿ ಹ್ವಾದ. ಇಕಿ ಬೆರಳು ಎಣಿಸಿದವ್ರು ಯಾರಪಾ? ಎಣಿಸಿದ್ರ ಅವತ್ತ ನಾನೂ ಹೊರಗ ಬೀಳ್ತಿದ್ದೆ.”

ಇಲ್ಲಿ ಸ್ವಲ್ಪ ನಿಲ್ಲೋಣ. ತಾಯಿಯ ಹೊಟ್ಟೆಯಲ್ಲಿ ಕೂಸು ಮೊದಲು ಸಾಸಿವೆಗಿಂತ ಸಣ್ಣದು. ಕಣ್ಣೆಲ್ಲಿ, ಕೈಯೆಲ್ಲಿ, ಕೈಗೆ ಬೆರಳೆಷ್ಟು ಎಂದು ಅದಕ್ಕೆ ಅಪ್ಪಣೆ ಕೊಡುವವರು ಯಾರು? ಡಾಕ್ಟರರು ವಂಶವಾಹಿ ಎನ್ನುತ್ತಾರೆ. ಆ ಅಪ್ಪಣೆಗಳು ನಮ್ಮಲ್ಲಿ ಜೋಡಿಯಾಗಿರುತ್ತವೆ, ಅಪ್ಪನದೊಂದು, ಅವ್ವನದೊಂದು. ನಮ್ಮಿಂದ ಮಕ್ಕಳಿಗೆ ದಾಟುವುದು ಆ ಎರಡರಲ್ಲಿ ಒಂದೇ. ಯಾವುದು ದಾಟಬೇಕೆಂದು ಸಾಹುಕಾರನನ್ನೂ ಕೇಳುವುದಿಲ್ಲ, ಕೂಲಿಯವನನ್ನೂ ಕೇಳುವುದಿಲ್ಲ. ಇವನಿಗೆ ಆರರ ಅಪ್ಪಣೆ ಬಂದದ್ದು ಅಪ್ಪನಿಂದ, ಐದರದು ಅವ್ವನಿಂದ. ಎರಡೂ ಕೂಡಿದಲ್ಲಿ ಸಾಮಾನ್ಯವಾಗಿ ಆರರದೇ ಮೇಲುಗೈ. ಮಗನಿಗೆ ಇವನಿಂದ ದಾಟಿದ್ದು ಅವ್ವನ ಪಾಲು. ತಿಳಿಯಿತೇ? ಯಾರದೋ ಎಂದು ದೂಡಿದ ಆ ಕೈ ಇವನ ಹೆತ್ತವ್ವನದು!

ಇನ್ನೂ ಕೇಳಿ. ಆರನೆಯ ಬೆರಳು ಎಲ್ಲಿಂದ ಬಂತು? ಯಾವುದೋ ಕಾಲದಲ್ಲಿ ಅಪ್ಪಣೆ ದಾಟುವಾಗ ಆದ ಒಂದು ಸಣ್ಣ ವ್ಯತ್ಯಾಸ. ಅಂಥ ವ್ಯತ್ಯಾಸಗಳಲ್ಲಿ ಬದುಕಿಗೆ ಒದಗಿದವು ಉಳಿದು, ಒದಗದವು ಅಳಿದು, ಕೋಟ್ಯಂತರ ವರ್ಷಗಳಲ್ಲಿ ಮೀನಿನ ಈಜುರೆಕ್ಕೆ ಕೈಯಾಯಿತು. ಕೋತಿಗೆ ಐದು ಬೆರಳು. ಬಾವಲಿಯ ರೆಕ್ಕೆಯೊಳಗೂ ಐದು ಬೆರಳಿನ ಎಲುಬು. ಆರು ಬೆರಳಿನ ಮನೆತನಕ್ಕೆ ಮೂರು ತಲೆಮಾರು. ಐದು ಬೆರಳಿನ ಮನೆತನಕ್ಕೆ ಎಷ್ಟು ತಲೆಮಾರು, ಎಣಿಸುವವರು ಎಣಿಸಲಿ.

ಸಾಹುಕಾರ ಆಳನ್ನು ಕರೆಯಲಿಲ್ಲ. ತಾನೇ ಅಟ್ಟ ಹತ್ತಿ ತೊಟ್ಟಿಲು ಇಳಿಸಿದ, ಉಟ್ಟ ಧೋತರದ ಅಂಚಿನಿಂದ ಧೂಳು ಒರೆಸಿದ. ಬಾಣಂತಿಯ ಕೋಣೆಯ ಬಾಗಿಲಲ್ಲಿ ನಿಂತು, “ತಪ್ಪಾತು,” ಎಂದ. ಅವಳು ನಗಲಿಲ್ಲ. ಯಾಕೆ ನಗಬೇಕು?

“ಮೊದ್ಲು ಕೂಸಿನ ಮಾರಿ ನೋಡ್ರಿ,” ಎಂದಳು.

ಅವನು ನೋಡಿದ. ನೋಡುತ್ತ ಅತ್ತುಬಿಟ್ಟ. ತಂಗಿ ಕಿವಿಯಲ್ಲಿ ಹೆಸರು ಹೇಳಿದಳು, ಅವಳ ಬೆನ್ನಿಗೆ ಗುದ್ದು ಬಿದ್ದವು. ಎಲ್ಲಕ್ಕಿಂತ ಜೋರಾದದ್ದು ಅವ್ವನದು.

ಕಥೆ ಸಾಹುಕಾರನದು ಎಂದುಕೊಂಡು ಆರಾಮಾಗಿ ಕೂತಿದ್ದೀರಿ. ನಿಮ್ಮ ಮನೆಯಲ್ಲಿ ಕೂಸು ಹುಟ್ಟಿದಾಗ ಮೊದಲ ಮಾತು ಏನು? “ಬಣ್ಣ ಯಾರದು? ಮೂಗು ಯಾರದು? ನಮ್ಮ ಕಡೀದಂತೂ ಅಲ್ಲ.” ಹೌದೋ ಅಲ್ಲವೋ? ಚಂದ ಇದ್ದರೆ ನಮ್ಮ ವಂಶ, ಊನ ಇದ್ದರೆ ಸೊಸೆಯ ತವರು. ಈ ಮಾತನ್ನು ಇವತ್ತಿನಿಂದ ಬಿಡಿ. ಬಾಣಂತಿಯ ಕೋಣೆಗೆ ಹೋದರೆ ಮೊದಲು ಆಕೆ ಉಂಡಳೋ ಇಲ್ಲವೋ ಕೇಳಿ. ಕೂಸು ಹೆಣ್ಣಾದರೂ ಗಂಡಾದರೂ ಎತ್ತಿಕೊಂಡು ಮುಖ ನೋಡಿ.

ಅಷ್ಟಾದ ಮೇಲೂ ಅನುಮಾನ ನಾಲಿಗೆಯ ತುದಿಗೆ ಬಂತೋ, ಹಿಂದಿನ ಕೋಣೆಯಲ್ಲಿ ನಿಮ್ಮ ಅವ್ವ ಇರುತ್ತಾಳೆ. ಅದೇ ಮಾತನ್ನು ಮೊದಲು ಅವಳ ಮುಖ ನೋಡಿ ಕೇಳಿ ಬನ್ನಿ. ಆಮೇಲೂ ನಾಲಿಗೆ ಏಳುವುದಾದರೆ ಸೊಸೆಯನ್ನು ಕೇಳಿ.