ತೋಳಿನ ಮೇಲಿನ ನೀಲಿ ಅಕ್ಷರ

ನಗುವುದಿದ್ದರೆ ಈಗಲೇ ನಕ್ಕುಬಿಡಿ, ಆಮೇಲೆ ಬೇಡ. ಇದು ನನ್ನ ಚಿಕ್ಕಪ್ಪನ ಮಗಳಿಗೇ ಆದದ್ದು.

ಅವಳು ಲ್ಯಾಬಿನಿಂದ ಹೊರಟಾಗ ರಾತ್ರಿ ಹನ್ನೊಂದು ದಾಟಿತ್ತು. ಅವಳು ಬೆಳೆಸುವ ಜೀವಕೋಶಗಳಿಗೆ ಎರಡು ದಿನಕ್ಕೊಮ್ಮೆ ಹೊಸ ದ್ರವ ಹಾಕಲೇಬೇಕು. ಭಾನುವಾರ, ಜ್ವರ ಅಂದರೆ ಅವು ಕೇಳುವುದಿಲ್ಲ, ಸತ್ತೇ ಹೋಗುತ್ತವೆ. ಕೈಕೂಸು ಸಾಕ್ತಿದ್ದೀಯಾ ಅಂತ ನಾವು ರೇಗಿಸುತ್ತಿದ್ದೆವು. ಆ ರಾತ್ರಿ ಸುಸ್ತಿನಲ್ಲಿ ಒಂದು ತಪ್ಪು ಮಾಡಿದಳು. ಲ್ಯಾಬಿನ ಬಿಳಿ ಕೋಟು ಹಾಕಿಕೊಂಡು ಯಾರೂ ಹೊರಗೆ ಬರುವಂತಿಲ್ಲ. ಇವಳು ಬಿಚ್ಚುವುದನ್ನೇ ಮರೆತು ನಡೆದಳು. ದಾರಿಯಲ್ಲೊಂದು ಹಾಳು ಬಾವಿ...

ಮೊದಲು ಚಿಕ್ಕಪ್ಪನ ವಿಷಯ ಹೇಳಬೇಕು. ಅವರು ಟೈಲರು. ಕತ್ತರಿಸಿದ ಪ್ರತಿ ಬಟ್ಟೆಯ ಮೇಲೂ ನೀಲಿ ಸೀಮೆಸುಣ್ಣದಲ್ಲಿ ಗಿರಾಕಿಯ ಹೆಸರು ಬರೆದಿಡುತ್ತಿದ್ದರು. ಯಾರದ್ದು ಅಂತ ಮರೆಯಬಾರದಲ್ಲ. ಕೊನೆಗೆ ಮರೆವಿನ ಕಾಯಿಲೆ ಬಂದು ಮನುಷ್ಯರನ್ನೇ ಮರೆತರು. ದಿನಾ ಬೆಳಗ್ಗೆ ಮಗಳನ್ನು ನೀನ್ಯಾರು ಅಂತ ಕೇಳುವುದು, ಇವಳು ಹೇಳುವುದು, ಅವರು ಅವಳ ಅಂಗಿಯ ತೋಳಿನ ಮೇಲೆ "ಮಗಳು" ಅಂತ ಬರೆದು ಸಮಾಧಾನ ಮಾಡಿಕೊಳ್ಳುವುದು. ಒಂದು ದಿನ ಇವಳಿಗೆ ಪರೀಕ್ಷೆ, ಮೈಮೇಲೆ ಹೊಸ ಬಟ್ಟೆ.

"ಬಿಡಪ್ಪ, ಕೊಳೆಯಾಗುತ್ತೆ" ಅಂತ ತೋಳು ಎಳೆದುಕೊಂಡಳು. ಆಗಿನ್ನೂ "ಮ" ಅಷ್ಟೇ ಬರೆದಿದ್ದರು. ಪರೀಕ್ಷೆ ಮುಗಿಸಿ ಬರುವಷ್ಟರಲ್ಲಿ ಚಿಕ್ಕಪ್ಪ ತೀರಿಕೊಂಡಿದ್ದರು.

ಆ ಬಟ್ಟೆಯನ್ನು ಅವಳು ಇವತ್ತಿಗೂ ಒಗೆದಿಲ್ಲ. ಡಾಕ್ಟರೇಟಿಗೆ ಜೊತೆಯವರೆಲ್ಲ ಬೇಗ ಮುಗಿಯುವ ವಿಷಯ ಹುಡುಕಿಕೊಂಡರು. ಇವಳು ವಯಸ್ಕ ಮಿದುಳಿನ ಕಾಂಡಕೋಶ ಹಿಡಿದು ಕೂತಳು. ಬೆಳೆದು ನಿಂತ ಮಿದುಳಿನಲ್ಲೂ ಹೊಸ ನರಕೋಶ ಹುಟ್ಟಿಸುವ ಶಕ್ತಿ ಅವಕ್ಕಿದೆಯಂತೆ. ಹಾಗಿದ್ದರೆ ಅಪ್ಪನಿಗೆ ಯಾಕೆ ಹುಟ್ಟಲಿಲ್ಲ? ಐದು ವರ್ಷ ಅದೊಂದೇ ಪ್ರಶ್ನೆ. ಉತ್ತರ ಸಿಕ್ಕಿರಲಿಲ್ಲ. ಸಿಕ್ಕಿದರೂ ಅಪ್ಪನಿಗೆ ಮುಟ್ಟುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು, ಪಾಪ.

ಬಾವಿ ಹತ್ತಿರ ಬಂದಳು... ಹಿಂದೆ ಸದ್ದು.

ಟಪ್... ಸರ್ರ್... ಟಪ್... ಸರ್ರ್...

ಒಂದು ಕಾಲು ಊರುವುದು, ಇನ್ನೊಂದನ್ನು ಎಳೆಯುವುದು. ಕೊನೇ ವರ್ಷ ಚಿಕ್ಕಪ್ಪ ನಡೆಯುತ್ತಿದ್ದದ್ದು ಹಾಗೇ. ಅವಳು ನಿಂತಳು. ಸದ್ದೂ ನಿಂತಿತು. ತಿರುಗಿ ನೋಡಲಿಲ್ಲ... ಅಲ್ಲಿ ಯಾರೂ ಇಲ್ಲದಿದ್ದರೆ ಅನ್ನುವುದೇ ಅವಳ ಹೆದರಿಕೆ.

ಕಿವಿಯ ಪಕ್ಕ ಪಿಸುಮಾತು. "ಯಾರಮ್ಮ ನೀನು?"

ಅವಳು ತಿರುಗದೆ ಹಾಗೇ ತೋಳನ್ನು ಹಿಂದಕ್ಕೆ ಚಾಚಿದಳು.

"ಬರಿಯಪ್ಪ... ಕೊಳೆಯಾದ್ರೂ ಆಗಲಿ."

ಬಟ್ಟೆಯ ಮೇಲೆ ಸೀಮೆಸುಣ್ಣ ಉಜ್ಜುವ ಸದ್ದು. ಚರಕ್... ಚರಕ್... ಆಮೇಲೆ ಏನೂ ಇಲ್ಲ.

ಆ ವರ್ಷಗಳಲ್ಲಿ ಅವಳು ಉಳಿದುಕೊಂಡಿದ್ದದ್ದು ನಮ್ಮ ಮನೆಯ ಮಹಡಿ ಕೋಣೆಯಲ್ಲಿ. ಆ ರಾತ್ರಿ ಬಾಗಿಲು ತೆಗೆದದ್ದು ನಾನೇ, ನನ್ನ ಕಣ್ಣಾರೆ ನೋಡಿದ್ದೇನೆ. ಕೋಟಿನ ತೋಳಿನ ಮೇಲೆ ನೀಲಿ ಬಣ್ಣದಲ್ಲಿ ನಡುಗುವ ಎರಡೇ ಅಕ್ಷರ. "ಗಳು."

ಪೆಟ್ಟಿಗೆಯಿಂದ "ಮ" ಇದ್ದ ಆ ಹಳೇ ಬಟ್ಟೆ ತೆಗೆದು ಕೋಟಿನ ಪಕ್ಕ ಹಾಸಿಕೊಂಡು ಬೆಳಗಿನವರೆಗೆ ಅತ್ತಳು. ನಂಬದಿದ್ದರೆ ಬನ್ನಿ, ತೋರಿಸುತ್ತೇನೆ. ಕೋಟನ್ನೂ ಅವಳು ಒಗೆದಿಲ್ಲ. ಕಳೆದುಹೋಯಿತು ಅಂತ ಲ್ಯಾಬಿನಲ್ಲಿ ಸುಳ್ಳು ಹೇಳಿ ಹೊಸದು ತೆಗೆದುಕೊಂಡಳು.