ಗೊಂಜಾಳದ ತಾಟು

ಸಣ್ಣವಳಿದ್ದಾಗ ಕುರಿಹಟ್ಟಿಯಲ್ಲಿ ಮೂಗಿಗಡರುತ್ತಿದ್ದ ಹಸಿ ಕಂಬಳಿಯ ವಾಸನೆ, ಅಕ್ಕಲಕೋಟದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ ನೀಲಾಬಾಯಿಯವರಿಗೆ ಮತ್ತೆ ಬಂತು. ಪಕ್ಕದಲ್ಲಿ ಮುದುಕ ಕುರಿಗಾರನೊಬ್ಬ ಕಂಬಳಿ ಹೊದ್ದು ಕೂತಿದ್ದ. ಸೋಲಾಪುರದ ಬಸ್ಸಿನಿಂದ ಇಳಿದ ಅವನ ಮಗಳು, ಆ ಊರಿನ ಪಕ್ಕದ ಚಿಂಚೋಳಿಯಲ್ಲಿ ಮೆಕ್ಕೆಜೋಳದ ತಾಟು ಮಾಡುವ ಕಾರ್ಖಾನೆಯ ಸಮವಸ್ತ್ರದಲ್ಲೇ ಓಡಿಬಂದಳು. ನೀಲಾಬಾಯಿ ಚೀಲ ಸರಿಸಿ ಜಾಗ ಮಾಡಿಕೊಟ್ಟರು.

“ಅಪ್ಪಾ, ಕುರಿಮರಿ ಹ್ಯಾಂಗೈತಿ?”

“ಡಾಕ್ಟರ್ ಹೊಟ್ಟಿ ಕೊಯ್ದು ತಾಟಿನ ಚೂರು ತಗದಾರ, ಸಪ್ನಾ. ಇಲ್ಲೇ ದನದ ದವಾಖಾನ್ಯಾಗ ಇಟ್ಕೊಂಡಾರ. ನಾಳಿತನಾ ಏನೂ ಹೇಳಾಕ ಬರಂಗಿಲ್ಲಂತ.”

“ಪ್ಲಾಸ್ಟಿಕ್ ತಾಟು ಕುರಿಗಿ ಯಾರರ ಹಾಕ್ತಾರೇನು?”

“ಗೊಂಜಾಳದಿಂದ ಮಾಡೀವಿ, ಭೂಮಿಗಿ ಚಲೋ ಅಂತ ನೀನ ಅಂದಿ. ಉಂಡಾದ ಮ್ಯಾಲ ತೊಳದು, ಮುರದು, ಮೇವಿನಾಗ ಕಲಸಿದೆ.”

“ಅರ್ಧಾನ ಗೊಂಜಾಳ, ಅಪ್ಪಾ. ಉಳಿದಿದ್ದು ಮೊದಲಿನ ಪ್ಲಾಸ್ಟಿಕ್ಕ. ಕಾರ್ಬನ್ ಕಮ್ಮಿ ಅಂತ ಆ ಮಾಲು ಆರಿಸಿದಾಕಿ ನಾನ.”

“ಮತ್ತ ಅರ್ಧಾ ಅಂತ ಯಾಕ ಹೇಳಲಿಲ್ಲ?”

“ನೀ ಅಷ್ಟು ಹಿಗ್ಗಿಲೆ ಕೇಳಾಕತ್ತಿದ್ದಿ. ನನಗ ಬಾಯಿ ಬರಲಿಲ್ಲ.”

ಮುದುಕ ತಲೆ ಕೆರೆದುಕೊಂಡ.

“ನನ್ನ ಮಗಳ ತಾಟು ಕುರಿ ಸುದ್ದಾ ತಿಂತಾವು ಅಂತ ಮೈಂದರ್ಗಿ ತುಂಬ ಡಂಗುರ ಹೊಡದೀನಿ. ನೀ ತಂದ ತಾಟು ಹಟ್ಟಿಹಟ್ಟಿಗಿ ಹಂಚೀನಿ.”

ಸಪ್ನಾ ಮುಖ ಮುಚ್ಚಿಕೊಂಡಳು.

“ನಾನ ಹೋಗಿ ಎಲ್ಲಾ ಇಸ್ಕೊಂಡು ಬರ್ತೀನಿ. ತಪ್ಪು ನಂದು ಅಂತ ಹೇಳ್ತೀನಿ.”

“ಬೈತಾರ, ನೋಡು.”

“ಬೈಲಿ.”

“ಮುಂಜಾನಿಂದ ಏನರ ತಿಂದೀಯೇನು?”

ಮೈಂದರ್ಗಿಯ ಬಸ್ಸು ಬಂತು. ಇಬ್ಬರೂ ಎದ್ದರು. ಮೆಟ್ಟಿಲ ಹತ್ತಿರ ಮುದುಕ ಕಂಬಳಿಯೊಳಗಿಂದ ತನ್ನ ರೊಟ್ಟಿಯ ಗಂಟು ತೆಗೆದು ಮಗಳ ಕೈಗಿಟ್ಟ.