ಮುದಕವ್ವಳ ಬಲಗಾಲಿನ ಗಾಯದ ಬಗ್ಗೆ

ಹೆಸರು: ಅಂದಾನೆಪ್ಪ ತಂದೆ ಚನಬಸಪ್ಪ, ವಯಸ್ಸು 51, ಉದ್ಯೋಗ ಗೋವಿನಜೋಳದ ವ್ಯಾಪಾರ, ವಾಸ ಮುಂಡಗೋಡ. ದಿನಾಂಕ 5-3-2004ರಂದು ಡಾಕ್ಟರರ ಮೇಲೆ ನಾನು ಕೊಟ್ಟ ಅರ್ಜಿಯ ವಿಚಾರಣೆಗೆ ಇಂದು ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

9-2-2004ರಂದು ಅರ್ಜಿಯಲ್ಲಿ ಕಾಣಿಸಿದ ಆಸ್ಪತ್ರೆಯ ಡಾಕ್ಟರರು, ನನ್ನ ಹೆಂಡತಿ ಮುದಕವ್ವಳ ಮಿದುಳಿನ ಎಡಭಾಗದ ರಕ್ತನಾಳ ಗುಳ್ಳೆಯಂತೆ ಉಬ್ಬಿದೆ, ಒಡೆದರೆ ಜೀವ ಹೋಗುತ್ತದೆ, ಎಡಗೈಯ ನಾಳವೊಂದನ್ನು ತೆಗೆದು ತಲೆಯಲ್ಲಿ ಜೋಡಿಸಿ ರಕ್ತಕ್ಕೆ ಬೇರೆ ದಾರಿ ಮಾಡಿ ಆ ಉಬ್ಬನ್ನು ಮುಚ್ಚುತ್ತೇವೆ ಎಂದರು. ತಲೆ ಮತ್ತು ಎಡಗೈ, ಇವೆರಡಕ್ಕೆ ಮಾತ್ರ ನಾನು ಸಹಿ ಮಾಡಿದೆ. ನಮ್ಮೂರ ಟಿಬೆಟನ್ ಕಾಲೊನಿಯವರ ಜೋಳದ ಚೀಲಗಳನ್ನೂ ತಳದವರೆಗೆ ಕೈಹಾಕಿ ನೋಡದೆ ಕೊಳ್ಳುವವನಲ್ಲ ನಾನು. ಕೈಯ ನಾಳ ತಲೆಗೆ ಎಂದರೆ ಹೇಗೆ ನಂಬಲಿ?

10-2-2004ರ ಬೆಳಿಗ್ಗೆ 7-30ಕ್ಕೆ ಅವಳನ್ನು ಒಳಗೆ ಒಯ್ದರು. ಹೋಗುವಾಗ, "ಇಲ್ಲೇ ಬಾಗಲದಾಗ ಕುಂದರ್ರಿ, ಎಲ್ಲೂ ಹೋಗಬ್ಯಾಡ್ರಿ" ಅಂದಳು. ಹೂಂ ಅಂದೆ.

11-20ಕ್ಕೆ ಇನ್ನೊಬ್ಬ ರೋಗಿಯ ಕಡೆಯ ಶೇಖಪ್ಪ ಎಂಬವರು, ಇಂಥ ಕಡೆ ಕಿಡ್ನಿ ಕದ್ದು ಐಸ್ ಡಬ್ಬಿಯಲ್ಲಿ ಹಿಂದಿನ ಗೇಟಿನಿಂದ ಸಾಗಿಸುತ್ತಾರೆ ಎಂದರು. ಹೆಂಡತಿಯ ತಂಗಿ ರಾಜಶ್ರೀಯನ್ನು ಬಾಗಿಲಲ್ಲಿ ಕೂರಿಸಿ, ಎಲ್ಲಿಗೆಂದು ಅವಳಿಗೂ ಹೇಳದೆ, ಸುಮಾರು 200 ಮೀಟರ್ ದೂರದ ಹಿಂದಿನ ಗೇಟಿನಲ್ಲಿ ನಿಂತೆ. 11-45ಕ್ಕೆ ಒಬ್ಬ ಡಬ್ಬಿ ಹಿಡಿದು ಬಂದ. ಅಡ್ಡಗಟ್ಟಿ ಮುಚ್ಚಳ ತೆಗೆಸಿದೆ. ಚಪಾತಿ, ಬದನೆಕಾಯಿ ಪಲ್ಯ ಇತ್ತು. "ಉಣ್ಣಾಕ ಬರ್ರಿ ಯಜಮಾನ್ರ" ಎಂದು ನಕ್ಕ. ಆದರೂ 12-30ರವರೆಗೆ ನಾನು ಕದಲಲಿಲ್ಲ.

13-2-2004ರಂದು ಹೊದಿಕೆ ಸರಿಸಿದಾಗ ಅವಳ ಬಲಗಾಲಿನಲ್ಲಿ ಹೊಲಿಗೆ ಕಂಡಿತು. ದಾರದಿಂದ ಅಳೆದೆ, 14 ಅಂಗುಲ. ರಾಜಶ್ರೀಯನ್ನು ಕೇಳಿದರೆ ಮುಖ ತಿರುಗಿಸಿದಳು. ಇವಳೂ ಅವರ ಜೊತೆ ಸೇರಿದ್ದಾಳೆಂದು ಸಂಶಯಪಟ್ಟೆ. 2-3-2004ರಂದು ಬೇರೆ ಕಡೆ ಸ್ಕ್ಯಾನ್ ಮಾಡಿಸಿದೆ. ಎರಡೂ ಕಿಡ್ನಿ ಇದ್ದವು. ಹಾಗಾದರೆ ಕಾಲಿನಿಂದ ಕದ್ದದ್ದೇನು ಎಂದು ಅರ್ಜಿ ಕೊಟ್ಟೆ.

ನಿನ್ನೆ 10-3-2004ರಂದು ಡಾಕ್ಟರರು ಆಪರೇಷನ್ ಕಾಗದ ತೋರಿಸಿದರು. 11-40ಕ್ಕೆ, ಜೋಡಿಸಿದ ಕೈನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ತೆರೆದು ತೊಳೆದರೂ ಹರಿಯಲಿಲ್ಲ, ಕೂಡಲೇ ಕಾಲಿನ ನಾಳ ಬೇಕಾಗಿತ್ತು. ಸಹಿಗಾಗಿ ಗಂಡನನ್ನು ಮೂರು ಸಲ ಕರೆದರು, ಸಿಗಲಿಲ್ಲ. 11-52ಕ್ಕೆ ತಂಗಿ ಸಹಿ ಮಾಡಿದಳು. ಅಷ್ಟರಲ್ಲಿ ಮಿದುಳಿಗೆ ರಕ್ತ ಸಾಲದೆ ಬಲಗೈ ಮತ್ತು ಮಾತು ಹೋದವು ಎಂದರು.

ರಾಜಶ್ರೀಯನ್ನು ಗದರಿಸಿ ಕೇಳಿದೆ. "ಇಡೀ ದವಾಖಾನಿ ಓಡಾಡಿ ಹುಡಿಕೇನ್ರಿ ಮಾವ. ನೀವ ಇರಲಿಲ್ಲ ಅಂತ ನಿಮಗ ಹೆಂಗ ಹೇಳ್ಲಿ?" ಎಂದು ಅತ್ತಳು.

ಬಾಗಿಲಲ್ಲಿ ಕೂರಲು ನನಗೆ ಹೇಳಿದ ಮೇಲೆ ಮುದಕವ್ವ ಇಂದಿನವರೆಗೆ ಒಂದು ಮಾತೂ ಆಡಿಲ್ಲ.

ದೂರು ಯಾರ ಮೇಲೆ ಎಂದು ಹವಾಲ್ದಾರ್ ಲಗಮಪ್ಪನವರು ಕೇಳುತ್ತಿದ್ದಾರೆ. ಡಾಕ್ಟರರ ಹೆಸರು ಹೊಡೆದುಹಾಕಬೇಕು. ಆ ಹನ್ನೆರಡು ನಿಮಿಷದ ತನಿಖೆ ಆಗಬೇಕು. ಬಾಗಿಲು ಬಿಟ್ಟು ಹೋಗಿ ಹಿಂದಿನ ಗೇಟಿನಲ್ಲಿ ನಿಂತಿದ್ದವನನ್ನು ತೋರಿಸಿದರೆ ಗುರುತಿಸುತ್ತೇನೆ.

ನಾನು ಹೇಳಿದಂತೆಯೇ ಬರೆದಿದ್ದಾರೆ. ಎರಡು ಸಲ ಓದಿಸಿ ಕೇಳಿದ್ದೇನೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಮುಂಡಗೋಡ
ದಿನಾಂಕ: 11-3-2004, ಮಧ್ಯಾಹ್ನ 3-10
ಸಹಿ: ಅಂದಾನೆಪ್ಪ